ಒದ್ದೆ ಟವೆಲ್ ತಗೊಂಡು ಗದಗಿಗೆ

ನಮ್ಮನೆಯವರ ದಮ್ಮಿಗೆ ಧಾರವಾಡದ ಮಳೆಗಾಲ ಆಗಿಬರುವುದಿಲ್ಲ, ಬೆಚ್ಚಗಿನ ಊರು ನೋಡುತ್ತಿದ್ದಾರೆ ಎಂಬ ಸುದ್ದಿ ಬಳಗದಲ್ಲಿ ಹಬ್ಬಿದ್ದೇ ತಡ, ಊರು ಸೂಚಿಸುವವರ ಸರದಿ ಹತ್ತಿತು. ಹೈದರಾಬಾದಿನ ಮಗ "ಇಲ್ಲಿಗೇ ಬಂದುಬಿಡ್ರಿ" ಅಂದ. ವಿಜಯಪುರದ ಮೈದುನ "ಥಂಡಿ ಅಂದ್ರೇನು ಅಂತ ನಮ್ಮ ಮಂದಿಗೆ ಕೇಳಿ ತಿಳಕೋಬೇಕು ವೈನಿ" ಎಂದು ಜಂಬ ಕೊಚ್ಚಿದ. ಹಾವೇರಿಯ ನಾದಿನಿಯಂತೂ ತನ್ನ ಓಣಿಯಲ್ಲೇ ಮನೆ ನೋಡಿಟ್ಟಿದ್ದಳು. ನನ್ನ ಜೊತೆ ಸಾಲಿಯಲ್ಲಿ ಕಲಿಸುತ್ತಿದ್ದ ಗೆಳತಿ ಈಗ ಕಾರವಾರದಲ್ಲಿದ್ದಾಳೆ. ಸಮುದ್ರದ ಗಾಳಿ ಎದೆಗೆ ಒಳ್ಳೆಯದು ಎಂಬುದು ಅವಳ ವಾದ. ಗದಗಿನ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ನಾನೇ ಎತ್ತಿದಾಗ ಎಲ್ಲರಿಂದಲೂ ಬಂದದ್ದು ಒಂದೇ ಮಾತು: "ಅಲ್ಲೇನದ? ಧೂಳು, ಗಾಳಿ."

ಮಾಳಮಡ್ಡಿಯ ನಮ್ಮ ಮನೆ ಮಾವನವರ ಕಾಲದ್ದು. ಮಂಗಳೂರು ಹಂಚು, ಮಾರುದ್ದದ ಕಟ್ಟೆ, ಹಿತ್ತಲಲ್ಲಿ ಎರಡು ಆಪೂಸ್ ಗಿಡ. ಬೇಸಿಗೆಯಲ್ಲಿ ಇದಕ್ಕಿಂತ ಸುಖದ ಮನೆ ಇನ್ನೊಂದಿಲ್ಲ. ಮಿರಗದ ಮಳೆ ಕೂಡಿತೆಂದರೆ ಕಥೆ ಬೇರೆ. ಧಾರವಾಡದ್ದು ಧೋ ಎಂದು ಸುರಿದು ಹೋಗುವ ಮಳೆಯಲ್ಲ, ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಉಪ್ಪಿನ ಭರಣಿಯಲ್ಲಿ ನೀರಾಡುತ್ತದೆ, ಕಡ್ಡಿಪೆಟ್ಟಿಗೆ ಗೀರಿದರೆ ಹತ್ತುವುದಿಲ್ಲ, ಕಪಾಟಿನ ಪುಸ್ತಕಗಳ ಬೆನ್ನ ಮೇಲೆ ಬೂದಿ ಬಣ್ಣದ ಬೂಷ್ಟು ಕೂಡುತ್ತದೆ. ಒಗೆದ ಅರಿವೆ ಪಡಸಾಲೆಯ ಹಗ್ಗದ ಮೇಲೆ ದಿನಗಟ್ಟಲೆ ಜೋತುಬಿದ್ದು, ಒಣಗುವ ಮೊದಲೇ ಮುಗ್ಗು ವಾಸನೆ ಹೊಡೆಯುತ್ತದೆ. ಅತ್ತೆಯವರಿದ್ದಾಗ ಶೆಗಡಿಯಲ್ಲಿ ಇದ್ದಲಿ ಕೆಂಡ ಮಾಡಿ, ಅದರ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಮಕ್ಕಳ ಬಟ್ಟೆ ಒಣಗಿಸುತ್ತಿದ್ದರು. ದಮ್ಮಿನವರಿರುವ ಮನೆಯಲ್ಲಿ ಈಗ ಆ ಹೊಗೆಯೂ ನಡೆಯದು. ನಮ್ಮನೆಯವರ ಹಾರ್ಮೋನಿಯಮ್ಮಿಗೂ ಇದೇ ಗತಿ. ಜುಲೈ ಬಂತೆಂದರೆ ಅದರ ಸ್ವರದ ಮನೆಗಳು ಒತ್ತಿದಲ್ಲೇ ಹಿಡಿದು ಕೂಡುತ್ತವೆ. "ನನಗೂ ಇದಕ್ಕೂ ಒಂದ ಬ್ಯಾನಿ" ಎಂದು ನಗುತ್ತಾರೆ, ನಕ್ಕರೆ ಕೆಮ್ಮು ಬರುತ್ತದೆ.

ಡಾಕ್ಟರು ಹೇಳಿದ್ದು ಬಳಗದವರು ಅಂದುಕೊಂಡದ್ದಕ್ಕಿಂತ ಬೇರೆಯೇ ಇತ್ತು. ತಣ್ಣನೆ ಗಾಳಿಯೂ ದಮ್ಮು ಕೆದರುತ್ತದೆ, ಖರೆ. ಆದರೆ ನಿಮ್ಮ ಮನೆಯಲ್ಲಿ ಮುಖ್ಯ ವೈರಿ ತೇವ ಎಂದರು. ತೇವದ ಗೋಡೆಯ ಬೂಷ್ಟಿನಿಂದ ಕಣ್ಣಿಗೆ ಕಾಣದ ಬೀಜಕಣಗಳು ಗಾಳಿಗೆ ಬಿಡುತ್ತವೆ. ಹಾಸಿಗೆ, ಗಾದಿ, ದಿಂಬಿನೊಳಗೆ ಬದುಕುವ ಧೂಳಿನ ನುಸಿಗಳು ಗಾಳಿಯಲ್ಲಿ ತೇವ ಹೆಚ್ಚಿದ್ದಷ್ಟೂ ಹುಲುಸಾಗುತ್ತವೆ, ಒಣ ಹವೆಯಲ್ಲಿ ಬಾಳುವುದಿಲ್ಲ. "ಊರು ಬದಲಿ ಮಾಡಿದ್ರ ಬ್ಯಾನಿ ಹೋಗತದ ಅಂತ ನಾ ಹೇಳೂದಿಲ್ಲ, ಇನ್‌ಹೇಲರ್ ಬಿಡೂ ಹಂಗಿಲ್ಲ. ಆದ್ರ ಈ ನಾಕು ತಿಂಗಳು ಒಣಾ ಜಾಗಾದಾಗ ಇದ್ರ ಆರಾಮ ಆಗಬಹುದು."

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಲ ಕಲಿಸಿದವಳಿಗೆ ಇಷ್ಟು ಸಾಕಾಯಿತು. ಬೇಕಾದದ್ದು ಒಣ ಊರು. ಬೆಚ್ಚಗಿದ್ದರೆ ಅದು ಲಾಭ. ಈ ಜರಡಿ ಹಿಡಿದ ಕೂಡಲೇ ಕಾರವಾರ ಬಿದ್ದುಹೋಯಿತು. ಬೆಚ್ಚಗೆನೋ ಹೌದು, ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಉಳಿದ ದಿನ ಬೆವರು. ವಿಜಯಪುರ ಒಣ ಊರೇ. ಆದರೆ ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲಿಗೆ ಎಪ್ಪತ್ತರ ಮನುಷ್ಯನನ್ನು ಒಯ್ದು ನಿಲ್ಲಿಸಲು ನನಗೆ ಧೈರ್ಯವಾಗಲಿಲ್ಲ. ಹೈದರಾಬಾದಿನದು ತಮಾಷೆಯ ಲೆಕ್ಕ. ವರ್ಷದ ಒಟ್ಟು ಮಳೆ ನೋಡಿದರೆ ಅದೂ ಧಾರವಾಡವೂ ಹೆಚ್ಚುಕಡಿಮೆ ಒಂದೇ, 800 ಮಿಲಿಮೀಟರಿನ ಸುತ್ತಮುತ್ತ. ಅಲ್ಲಿ ಒಮ್ಮೆಲೇ ಜಡಿದು ಮತ್ತೆ ಬಿಸಿಲು ಬೀಳುತ್ತದೆ. ನಮ್ಮಲ್ಲಿ ಅಷ್ಟೇ ನೀರು ಹನಿಹನಿಯಾಗಿ ದಿನಗಟ್ಟಲೆ ಇಳಿಯುತ್ತದೆ. ಮಳೆಯ ಮೊತ್ತ ನೋಡಿ ಊರು ಆರಿಸುವವರು ಮೋಸ ಹೋಗುವುದು ಇಲ್ಲೇ. ಹೈದರಾಬಾದ್ ನನಗೆ ಒಪ್ಪಿಗೆಯೇ ಇತ್ತು. ಆದರೆ ಹೋದ ಸಲ ಮಗನ ಐದನೇ ಅಂತಸ್ತಿನ ಫ್ಲ್ಯಾಟಿನಲ್ಲಿ ಇವರು ಬಾಲ್ಕನಿಯ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಉಸಿರೇನೋ ಚೆನ್ನಾಗಿತ್ತು, ಮಾತಿಗೆ ಜನ ಇರಲಿಲ್ಲ.

ಹಾವೇರಿ ಬೇಡ ಎಂದು ನಾದಿನಿಗೆ ಹೇಳುವುದೇ ಕಷ್ಟವಾದದ್ದು. ಧಾರವಾಡಕ್ಕಿಂತ ತಗ್ಗಿನ ಊರು, ಚಳಿ ಕಡಿಮೆ, ಬೆಂಗಳೂರಿನ ರೈಲು ಮನೆ ಬಾಗಿಲಿಗೆ. ಆದರೆ ಅದರ ಪಶ್ಚಿಮಕ್ಕೆ ಹಾನಗಲ್ಲ, ಶಿಗ್ಗಾಂವಿ ಎಂದರೆ ಮಲೆನಾಡಿನ ಸೆರಗು. ಅಲ್ಲಿ ಮುಸುಕಿದ ಮೋಡ ಹಾವೇರಿಗೂ ಒಂದು ಕೈ ಚಾಚುತ್ತದೆ. ಗದಗ ಹಾಗಲ್ಲ, ಅದು ಪಕ್ಕಾ ಮಳೆ ನೆರಳಿನ ಸೀಮೆ. ಅರಬ್ಬಿ ಸಮುದ್ರದಿಂದ ಬಂದ ಗಾಳಿ ಘಟ್ಟ ಏರುವಾಗಲೇ ಹೊರೆ ಇಳಿಸಿಬಿಡುತ್ತದೆ, ಧಾರವಾಡದಲ್ಲಿ ಅಳಿದುಳಿದದ್ದು ಚೆಲ್ಲುತ್ತದೆ, ಗದಗ ಮುಟ್ಟುವ ಹೊತ್ತಿಗೆ ಬರಿ ಗಾಳಿ. ಅಲ್ಲಿಯ ದೊಡ್ಡ ಮಳೆ ಬರುವುದು ಸೆಪ್ಟೆಂಬರ್ ಹೊತ್ತಿಗೆ. ಎತ್ತರದಲ್ಲಿ ಅಂಥ ಫರಕಿಲ್ಲ: ಧಾರವಾಡ 750 ಮೀಟರ್ ಹತ್ತಿರ, ಗದಗ 650ರ ಆಸುಪಾಸು. ನೂರು ಮೀಟರ್ ಇಳಿದದ್ದಕ್ಕೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಬಿಸಿ, ಅಷ್ಟೇ. ಉಳಿದ ವ್ಯತ್ಯಾಸವೆಲ್ಲ ಮೋಡದ್ದು.

ಊರು ನೋಡಲು ಮಂದಿ ದೀಪಾವಳಿ ಸುತ್ತಿನ ಒಳ್ಳೆ ದಿನ ಆರಿಸುತ್ತಾರೆ. ಆಗ ಯಾವ ಊರು ಚಂದ ಕಾಣುವುದಿಲ್ಲ? ನಾನು ಹಠ ಹಿಡಿದು ಜುಲೈ ನಡುವಿನ ಒಂದು ಭಾನುವಾರ ಗೊತ್ತು ಮಾಡಿದೆ. ಅವತ್ತು ಬೆಳಿಗ್ಗೆ ಒಂದು ಟವೆಲ್ ಒಗೆದು, ಗಟ್ಟಿಯಾಗಿ ಹಿಂಡಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡೆ. ಅದರ ಜೋಡಿಯನ್ನು ಪಡಸಾಲೆಯ ಹಗ್ಗದ ಮೇಲೆ ಬಿಟ್ಟೆ. "ಸಾಲಿ ಬಿಟ್ಟು ಇಷ್ಟು ವರ್ಷಾತು, ಪ್ರಯೋಗ ಬಿಡವೊಲ್ಲಿ ನೋಡು" ಅಂದರು ನಮ್ಮವರು.

ಚಿಗರಿ ಬಸ್ಸಿನಲ್ಲಿ ಕಿಡಕಿಯ ಗಾಜಿನ ತುಂಬ ಮಂಜು, ಉಣಕಲ್ಲ ಕೆರೆ ಕಾಣಲೇ ಇಲ್ಲ. ಹುಬ್ಬಳ್ಳಿಯಲ್ಲಿ ಹನಿ ತುಸು ತೆಳುವಾಗಿತ್ತು. ಜಗತ್ತಿನಲ್ಲೇ ಉದ್ದದ್ದು ಎಂದು ಹೆಸರಾದ 1,507 ಮೀಟರಿನ ಪ್ಲಾಟ್‌ಫಾರ್ಮ್ ನಮ್ಮ ನಿಲ್ದಾಣದಲ್ಲಿದೆ ಎಂದು ನಾವೂ ಹೆಮ್ಮೆಪಡುತ್ತೇವೆ, ಆದರೆ ನಮ್ಮ ಗಾಡಿ ಅದರ ಮೇಲೆ ಬರಲಿಲ್ಲವಲ್ಲ ಎಂದು ಅವತ್ತು ಸಿದ್ಧಾರೂಢರಿಗೆ ಕೈ ಮುಗಿದೆ. ದಮ್ಮಿನವರು ಆ ತುದಿಯಿಂದ ಈ ತುದಿಗೆ ನಡೆಯುವ ಮಾತೇ?

ಹೆಬಸೂರು ದಾಟುತ್ತಿದ್ದಂತೆ ಮಳೆ ನಿಂತಿತು. ಎರಡೂ ಬದಿ ಎರಿ ಹೊಲ, ಗೇಣುದ್ದದ ಹೆಸರು ಬೆಳೆ. ಅಣ್ಣಿಗೇರಿಯಲ್ಲಿ ಮೋಡ ಹರಿದು ಪ್ಲಾಟ್‌ಫಾರ್ಮಿನ ಮೇಲೆ ನೆರಳು ಬಿದ್ದಿತ್ತು. ನೆರಳು ಕಂಡು ಎಷ್ಟು ದಿನವಾಗಿತ್ತು! ಹುಲಕೋಟಿ ಬರುವ ಹೊತ್ತಿಗೆ ನಮ್ಮವರು ಸ್ವೆಟರ್ ತೆಗೆದು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ನಾನು ಏನೂ ಅನ್ನಲಿಲ್ಲ, ಅಂದರೆ ಮತ್ತೆ ಹಾಕಿಕೊಳ್ಳುವ ಸ್ವಭಾವ ಅವರದು.

ಮೊದಲ ಮನೆ ಬೆಟಗೇರಿಯಲ್ಲಿ. ಅಗ್ಗದ ಬಾಡಿಗೆ, ಒಳ್ಳೆಯ ಮಂದಿ. ಆದರೆ ಗೋಡೆಗೆ ಹತ್ತಿಯೇ ಮಗ್ಗಗಳು. ಕಿಡಕಿಯ ಸರಳಿನ ಮೇಲೆ ಬೆರಳಾಡಿಸಿದೆ, ನೂಲಿನ ನವಿರು ಧೂಳು ಬೆರಳಿಗೆ ಮೆತ್ತಿತು. ಧಾರವಾಡದ ಬೂಷ್ಟು ಬಿಟ್ಟು ಹತ್ತಿಯ ಧೂಳಿಗೆ ಎದೆ ಕೊಡುವುದು ಯಾವ ಜಾಣತನ? ಚಹಾ ಕುಡಿದು ಎದ್ದೆವು.

ಎರಡನೆಯದು ಮುಳಗುಂದ ನಾಕಾದ ಆಚೆ, ಡಾಂಬರು ರಸ್ತೆಯ ಮೇಲೆ, ನೆಲದಿಂದ ಎರಡು ಮೆಟ್ಟಿಲು ಎತ್ತರದ ಮನೆ. ಮಾಲೀಕರಾದ ಅಜ್ಜಿ ಮಹಡಿಯ ಮೇಲಿರುತ್ತಾರೆ. ಗೋಡೆಗಳಿಗೆ ಅಂಗೈ ಒತ್ತಿ ನೋಡುತ್ತ ಹೋದೆ. ಬಚ್ಚಲ ಬದಿಯ ಗೋಡೆಯೂ ಒಣಗಿತ್ತು. ಆಮೇಲೆ ಅಜ್ಜಿಯ ಅನುಮತಿ ಕೇಳಿ ಮಾಳಿಗೆ ಹತ್ತಿ ಚೀಲದೊಳಗಿನ ಟವೆಲ್ ತೆಗೆದು ತಂತಿಗೆ ಹಾಕಿದೆ. ಅಬ್ಬಾ, ಆ ಗಾಳಿ! ಆಷಾಢದ ಗಾಳಿ ಗಾದೆ ಮಾತಲ್ಲ. ದೂರದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಗಿರಗಿರ ತಿರುಗುತ್ತಿದ್ದವು. ಟವೆಲ್ ಕೈಬಿಟ್ಟು ಹಾರುವುದರಲ್ಲಿತ್ತು, ಅಜ್ಜಿ ತಮ್ಮ ಸೊಂಟದ ಚೀಲದಿಂದ ಎರಡು ಚಿಮಟಿಗೆ ತೆಗೆದು ಕೊಟ್ಟರು. "ಧಾರವಾಡದಿಂದ ಅರಿಬಿ ಒಣಗಸಾಕ ಬಂದೀರೇನ್ರಿ ಅಕ್ಕಾರ?" ಎಂದು ನಕ್ಕರು. ಹೌದು ಅಂದೆ.

ನೀರಿನ ಮಾತು ಅವರೇ ತೆಗೆದರು, ಅದಕ್ಕೇ ಅವರು ನನಗೆ ಹಿಡಿಸಿದ್ದು. ಅಂಗಳದ ಕಬ್ಬಿಣದ ಮುಚ್ಚಳ ಸರಿಸಿ, ಒಂದು ಬಿದಿರುಕೋಲು ಇಳಿಬಿಟ್ಟು ಎತ್ತಿ ತೋರಿಸಿದರು. ಕೋಲಿನ ಮೇಲೆ ಕೆಂಪು ಬಣ್ಣದ ಗೆರೆಗಳು. "ಇಲ್ಲಿತನಾ ಇದ್ರ ಹತ್ತು ದಿನಾ. ಇದರ ಕೆಳಗ ಹೋತಂದ್ರ ಅರಿಬಿ ಒಗಿಯೂದು ಬಂದ್. ನಳಾ ಎಂಟು ದಿನಕ್ಕ ಬಂದ್ರೂ ಬಂತು, ಬ್ಯಾಸಗ್ಯಾಗ ಹದಿನೈದು ದಿನಾ ಆದ್ರೂ ಆತು. ಬೋರಿನ ನೀರು ಸವಳು ಐತ್ರಿ, ಬಳಸಾಕಷ್ಟ." ಹುಬ್ಬಳ್ಳಿ-ಧಾರವಾಡದ ಕೆಲವು ಓಣಿಗಳಲ್ಲಿ 2008ರಿಂದಲೇ ಇಪ್ಪತ್ನಾಲ್ಕು ತಾಸು ನಳ ಬರುವುದನ್ನು ಕಂಡವಳು ನಾನು. ತುಂಗಭದ್ರೆಯ ನೀರು ಕುಡಿಯುವ ಊರಿನಲ್ಲಿ ಹೀಗೆ ಕೋಲಿನಿಂದ ಅಳೆದು ಬಾಳುವುದು ನ್ಯಾಯವಲ್ಲ. ಹಳಹಳಿ ಅನಿಸಿತು. ಆದರೂ ಒಳಗೇ ತೂಗಿ ನೋಡಿದೆ: ನೀರನ್ನು ತುಂಬಿಟ್ಟುಕೊಳ್ಳಬಹುದು, ಉಸಿರನ್ನು ತುಂಬಿಡಲು ಬರುವುದಿಲ್ಲ.

ಬೇಸಿಗೆ ಹೇಗೆ ಎಂದೆ. ಅಜ್ಜಿ ಮುಚ್ಚುಮರೆ ಮಾಡಲಿಲ್ಲ. ಏಪ್ರಿಲ್-ಮೇದಲ್ಲಿ ಮಧ್ಯಾಹ್ನ ಸ್ಲ್ಯಾಬು ರೊಟ್ಟಿ ಹಂಚು, ರಾತ್ರಿ ಮಾತ್ರ ಮಾಳಿಗೆಯ ಮೇಲೆ ತಂಪು ಗಾಳಿ. ಮಾವಿನ ದಿನ ಬಂದಾಗ ನಾವು ಮಾಳಮಡ್ಡಿಗೆ ವಾಪಸು ಹೋಗಬಹುದು, ಅಲ್ಲಿಯ ಹಂಚಿನ ಮನೆ ಇರುವುದೇ ಅದಕ್ಕೆ ಎಂದು ನಾನು ಮನಸ್ಸಿನಲ್ಲೇ ಹೊಂದಿಸಿಕೊಂಡೆ.

ನಮ್ಮವರಿಗೆ ಮನೆಗಿಂತ ಬೇರೆ ಕಡೆ ಲಕ್ಷ್ಯ. ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿಬರೋಣ ಎಂದರು. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರಲ್ಲಿ ತೀರಿಕೊಳ್ಳುವವರೆಗೆ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಬದುಕು ಕಟ್ಟಿಕೊಟ್ಟ ಜಾಗ. ಭೀಮಸೇನ ಜೋಶಿಯವರ ಜಿಲ್ಲೆಯೂ ಇದೇ ಎಂದು ದಾರಿಯುದ್ದಕ್ಕೂ ನನಗೇ ಪಾಠ ಹೇಳಿದರು. ಅಲ್ಲೊಬ್ಬ ಹುಡುಗ ಹಾರ್ಮೋನಿಯಂ ಮುಂದಿಟ್ಟುಕೊಂಡು ಒಂದೇ ಪಲುಕು ತಿರುತಿರುಗಿ ನುಡಿಸುತ್ತಿದ್ದ. ಇವರು ಕಂಬಕ್ಕೆ ಒರಗಿ ಕೂತರು. ನಾನು ವೀರನಾರಾಯಣನ ಗುಡಿ ನೋಡಿ, ಮಿರ್ಚಿ-ಗಿರಮಿಟ್ ಕಟ್ಟಿಸಿಕೊಂಡು ಬಂದರೂ ಅದೇ ಕಂಬ, ಅದೇ ಮನುಷ್ಯ. ಬೆಳಗಿನಿಂದ ಇನ್‌ಹೇಲರ್ ಕಿಸೆಯಿಂದ ಹೊರಗೆ ಬಂದಿರಲಿಲ್ಲ. ಒಂದು ದಿನದ ಆರಾಮಕ್ಕೆ ಊರೇ ಕಾರಣ ಎಂದು ನಾನು ಹೇಳಲಾರೆ. ಸಂತೋಷಕ್ಕೂ ಉಸಿರು ಹಗುರಾಗುತ್ತದೆ.

ವಾಪಸು ಬಂದು ಮಾಳಿಗೆ ಹತ್ತಿದರೆ ಟವೆಲ್ ಹಪ್ಪಳದಂತೆ ಗರಿಗರಿ. ಅಂಚಿನಲ್ಲಿ ತುಸು ಕೆಂಧೂಳು ಕೂತಿತ್ತು, ಕೊಡವಿದರೆ ಹೋಯಿತು. ಬಳಗದವರು ಹೇಳಿದ ಧೂಳು ಸುಳ್ಳಲ್ಲ, ಗಾಳಿಯ ಬದಿಯ ಕಿಡಕಿಗಳಿಗೆ ಜಾಳಿಗೆ ಹಾಕಿಸಿಕೊಡಬೇಕು ಎಂದು ಅಜ್ಜಿಗೆ ಕರಾರು ಹಾಕಿದೆ.

ಆಷಾಢದಲ್ಲಿ ಯಾರೂ ಮನೆ ಹಿಡಿಯುವುದಿಲ್ಲವಾದ್ದರಿಂದ ಬಾಡಿಗೆಯಲ್ಲಿ ಎಳೆದಾಡಲು ಆಸ್ಪದವಿತ್ತು. ಎಂಟು ಸಾವಿರ ಹೇಳಿದ್ದು ಜಾಳಿಗೆ ಸಹಿತ ಏಳಕ್ಕೆ ನಿಂತಿತು. ತೊಡಕಾದದ್ದು ಆಮೇಲೆ. "ಶ್ರಾವಣ ಕೂಡಲಿ, ಒಳ್ಳೇ ದಿನಾ ನೋಡಿ ಹಾಲು ಉಕ್ಕಸೋಣು" ಎಂದು ನಮ್ಮವರು ರಾಗ ಎಳೆದರು. ಶ್ರಾವಣದವರೆಗೆ ಇದ್ದ ಮಳೆಯನ್ನೆಲ್ಲ ಧಾರವಾಡದಲ್ಲೇ ಕುಡಿದು ಬಂದರೆ ಇಲ್ಲಿಗೆ ಬರುವುದಾದರೂ ಯಾಕೆ ಎಂದು ನಾನು. ನಾದಿನಿಗೆ ಫೋನ್ ಹಚ್ಚಿದರೆ ಅವಳೂ ಅಣ್ಣನ ಕಡೆಯೇ. "ಆಷಾಢದಾಗ ಬ್ಯಾಡ ವೈನಿ, ಬೇಕಾದ್ರ ಅಲ್ಲಿತನಾ ಹಾವೇರಿಗೆ ಬರ್ರಿ."

ಪಂಚಾಯಿತಿ ಹರಿಸಿದ್ದು ಅಜ್ಜಿ. ಕೋಲನ್ನು ಗೋಡೆಗೆ ಆನಿಸಿಟ್ಟು ನಮ್ಮ ಮುಂದೆ ಕೂತರು. "ಒಲಿ ಹಚ್ಚಿದ್ರ ಮನಿ ಹೂಡಿದಂಗ್ರಿ. ಒಲಿ ಹಚ್ಚಬ್ಯಾಡ್ರಿ. ಒಂದು ಹಾಸಿಗಿ, ಆ ಹಾರ್ಮೋನಿಯಂ ಪೆಟ್ಟಿಗಿ ತಗೊಂಡು ರಾಯರು ನಾಳೆ ಬರಲಿ. ಬೀಗರಂಗ ಇರಲಿ, ಬೀಗರಿಗೆ ಎಲ್ಲಿ ಆಷಾಢ? ಸಾಮಾನು ಶ್ರಾವಣಕ್ಕ ತರ್ರಿ."

"ಊಟಾ?" ಅಂದರು ರಾಯರು.

"ನಮ್ಮಲ್ಲೇ ಮಾಡ್ರಿ, ಎರಡು ರೊಟ್ಟಿ ನನಗೇನು ಭಾರ ಅಲ್ಲ," ಎಂದು ನನ್ನ ಕಡೆ ತಿರುಗಿದರು ಅಜ್ಜಿ. "ಊಟದ ರೊಕ್ಕಾ ಬಾಡಿಗ್ಯಾಗ ಬರೂದಿಲ್ಲ ಮತ್ತ ಅಕ್ಕಾರ, ಅದು ಬ್ಯಾರೆ."