ಪಟಪಟ ಓದುತ್ತೆ, ಅರ್ಥ ಆಗುತ್ತಾ?

ಗುಣಿತ, ಒತ್ತಕ್ಷರ ಕೈಹಿಡಿದರೆ ಕನ್ನಡದಲ್ಲಿ ಎಂದೂ ಕೇಳದ ಪದವನ್ನೂ ತಪ್ಪಿಲ್ಲದೆ ಓದಿಬಿಡಬಹುದು. ತೊಡಕು ಅಲ್ಲೇ ಇದೆ. ನಾಲ್ಕನೇ ಕ್ಲಾಸಿನ ಮಗು ಪಾಠವನ್ನು ಪಟಪಟ ಒಪ್ಪಿಸಿದರೆ ಮನೆಯವರಿಗೂ ಮೇಷ್ಟ್ರಿಗೂ ಸಮಾಧಾನ.

ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಜೇನ್ ಓಕ್‌ಹಿಲ್ ದಶಕಗಳ ಕಾಲ, ಹೀಗೆ ಪಟಪಟ ಓದಿಯೂ ಅರ್ಥ ಹಿಡಿಯದ ಮಕ್ಕಳನ್ನೇ ಅಭ್ಯಾಸ ಮಾಡಿದರು. ಪದ ಓದುವುದರಲ್ಲಿ ಸರಿಸಮ, ಅರ್ಥ ಹಿಡಿಯುವುದರಲ್ಲಿ ಮಾತ್ರ ವ್ಯತ್ಯಾಸ. ಅಂಥ ಏಳೆಂಟು ವರ್ಷದವರ ಎರಡು ಗುಂಪು ಕಟ್ಟಿ ಹೋಲಿಸಿದರು. ನಿಕೋಲಾ ಯುಯಿಲ್ ಜೊತೆಗಿನ ಅವರ ಪುಸ್ತಕ ಬಂದದ್ದು 1991ರಲ್ಲಿ. ಹಿಂದೆ ಬಿದ್ದ ಗುಂಪು ಎಡವುತ್ತಿದ್ದದ್ದು ಬರಹಗಾರ ಹೇಳದೆ ಬಿಟ್ಟದ್ದನ್ನು ತುಂಬಿಕೊಳ್ಳುವಲ್ಲಿ.

ಕನ್ನಡದಲ್ಲಿ ಪರೀಕ್ಷಿಸಲು ಎರಡು ವಾಕ್ಯ ಸಾಕು: ‘ರಾಜಿ ತಂಗಿಗೆ ಕೊಡೆ ಕೊಟ್ಟಳು. ನೆನೆದುಕೊಂಡೇ ಮನೆಗೆ ಬಂದಳು.’ ನೆನೆದದ್ದು ಯಾರು? ಕರ್ತೃಪದ ಇಲ್ಲ. ‘ತಮ್ಮನಿಗೆ’ ಅಂತಿದ್ದರೆ ಕ್ರಿಯಾಪದದ ‘ಳು’ ಗುಟ್ಟು ಬಿಟ್ಟುಕೊಡುತ್ತಿತ್ತು. ಇಲ್ಲಿ ಕೊಡೆ ಕೈಬಿಟ್ಟವಳೇ ನೆನೆಯಬೇಕು ಅಂತ ಮಗುವೇ ಲೆಕ್ಕ ಹಾಕಬೇಕು. ‘ಕೊಡೆ ಕೊಟ್ಟವರು ಯಾರು’ ಅಂತ ಕೇಳಿದರೆ ಪ್ರಯೋಜನವಿಲ್ಲ. ಪ್ರಶ್ನೆಯ ಪದವನ್ನು ಪಾಠದಲ್ಲಿ ಹುಡುಕಿ ಪಕ್ಕದ ಪದ ಹೇಳಿದರೆ ಉತ್ತರ ಸರಿಯಾಗಿಬಿಡುತ್ತದೆ. ನಮ್ಮ ಬಹುತೇಕ ನೋಟ್ಸ್ ಪ್ರಶ್ನೆಗಳು ಈ ಜಾತಿಯವೇ.

ನಿಮ್ಮ ಮಗುವನ್ನು ಪರೀಕ್ಷಿಸಲು ಒಂದು ತರಗತಿ ಕೆಳಗಿನ, 80–100 ಪದಗಳ ಗದ್ಯ ಆರಿಸಿ, ಗಟ್ಟಿಯಾಗಿ ಓದಿಸಿ. ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಿದರೆ ಗದ್ಯವೇ ಕಷ್ಟದ್ದು, ಬದಲಿಸಿ. ಪ್ರಶ್ನೆ ಕೇಳುವಾಗ ಪುಸ್ತಕ ತೆರೆದೇ ಇರಲಿ. ಮುಚ್ಚಿದರೆ ನೆನಪಿನ ಪರೀಕ್ಷೆಯಾಗುತ್ತದೆ. ಉತ್ತರ ಮನೆಮಾತಿನಲ್ಲೇ ಬರಲಿ, ಗ್ರಂಥಸ್ಥ ಕನ್ನಡಕ್ಕೆ ತಿದ್ದಲು ಹೋಗಬೇಡಿ.

ಗದ್ಯದ ವಿಷಯವನ್ನೂ ನೋಡಿಕೊಳ್ಳಿ. ‘ಕಣದಲ್ಲಿ ಕಾಫಿ ಹರಡಿತ್ತು. ಮೋಡ ಕವಿಯಿತು. ತಿಮ್ಮಣ್ಣ ಟಾರ್ಪಾಲು ತರಲು ಓಡಿದ.’ ಯಾಕೆ ಓಡಿದ? ಒಣಹಾಕಿದ ಕಾಫಿ ನೆನೆಯದಿರಲಿ ಅಂತ. ಕಾಫಿ ತೋಟಗಳ ನಡುವಿನ ಸಕಲೇಶಪುರದ ಮಗು ಇದನ್ನು ಓದದೆಯೂ ಹೇಳೀತು. ಅದೇ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ, ತೆಂಗಿನ ತೋಟ ನೋಡಿ ಬೆಳೆದ ಮಗು ‘ಕಾಫಿ ಹರಡಿತ್ತು’ ಅಂದರೆ ಲೋಟ ಚೆಲ್ಲಿತು ಅಂದುಕೊಂಡರೆ ತಪ್ಪು ಮಗುವಿನದಲ್ಲ. ಅಲ್ಲಿ ಕಾಫಿ ಬದಲು ಕೊಬ್ಬರಿ ಒಣಗಲಿ.

ಉತ್ತರ ಬಾರದಿದ್ದರೆ ಅಷ್ಟೇ ಕಷ್ಟದ ಇನ್ನೊಂದು ಗದ್ಯವನ್ನು ನೀವೇ ಓದಿ ಹೇಳಿ. ಕೇಳಿದಾಗ ಅರ್ಥವಾದರೆ ಅಕ್ಷರ ಬಿಡಿಸುವುದಕ್ಕೇ ಗಮನವೆಲ್ಲ ಖರ್ಚಾಗುತ್ತಿದೆ, ಓದಿನ ರೂಢಿ ಬೇಕು. ಕೇಳಿದರೂ ಆಗದಿದ್ದರೆ ಹತ್ತು ಸಲ ಓದಿಸಿ ಫಲವಿಲ್ಲ; ಮೂರು ವಾಕ್ಯಕ್ಕೊಮ್ಮೆ ನಿಲ್ಲಿಸಿ ‘ಯಾಕೆ’, ‘ಯಾರು’, ‘ಮುಂದೇನು’ ಅಂತ ಮಾತಾಡಿಸಿ. ಸ್ವಲ್ಪ ದಿನ ಕಳೆದ ಮೇಲೆ ಪ್ರಶ್ನೆ ಕೇಳುವ ಸರದಿ ಮಗುವಿನದಾಗಲಿ.