ಬೋರ್‌ವೆಲ್ ನೀರಿನ ನೈಟ್ರೇಟ್ ಯೂರಿಯಾದ್ದೋ, ಗುಂಡಿಯದ್ದೋ?

"ಮೇಡಂ, ಇದು ಎಲ್ಲಿಂದ ಬಂತು ಅಂತ ಹೇಳಿಬಿಡಿ ಸಾಕು. ಯೂರಿಯಾದಿಂದಾನಾ, ಪಾಯಿಖಾನೆ ಗುಂಡಿಯಿಂದಾನಾ?"

ನೀರಿನ ಮಾದರಿ ತೆಗೆಯಲು ಹೋದ ಊರಿನಲ್ಲೆಲ್ಲ ಯಾರಾದರೂ ಒಬ್ಬರು ನನ್ನನ್ನು ಇದನ್ನೇ ಕೇಳುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೋದರಂತೂ ಪರೀಕ್ಷೆಯ ಚೀಟಿ ಹಿಡಿದೇ ಬರುತ್ತಾರೆ. ಫ್ಲೋರೈಡ್ ವಿಷಯ ಎಲ್ಲರಿಗೂ ಗೊತ್ತು. ಅದರ ಕೆಳಗಿನ ನೈಟ್ರೇಟ್ ಸಾಲು ಈಗೀಗ ಕಣ್ಣಿಗೆ ಬೀಳುತ್ತಿದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಚೀಟಿಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಊರಿನವರು ಹೊಲದ ಕಡೆ ಕೈ ತೋರಿಸುತ್ತಾರೆ. ಹೊಲದವರು ಊರಿನ ಗುಂಡಿಗಳ ಕಡೆ ತೋರಿಸುತ್ತಾರೆ.

ಮಾಮೂಲಿ ಪರೀಕ್ಷೆಯಿಂದ ಈ ಜಗಳ ಬಗೆಹರಿಯುವುದಿಲ್ಲ. ಯೂರಿಯಾದಿಂದ ಹುಟ್ಟಿದ ನೈಟ್ರೇಟೂ ಸೆಗಣಿಯಿಂದ ಹುಟ್ಟಿದ ನೈಟ್ರೇಟೂ ಒಂದೇ ವಸ್ತು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ವ್ಯತ್ಯಾಸ ಇರುವುದು ತೂಕದಲ್ಲಿ. ಅದೂ ಕೂದಲೆಳೆಯಷ್ಟು.

ನೈಟ್ರೇಟ್‌ನೊಳಗಿರುವ ಸಾರಜನಕದಲ್ಲಿ ಎರಡು ಬಗೆ ಇವೆ, 14 ತೂಕದ್ದು ಮತ್ತು 15 ತೂಕದ್ದು. ಶಾಲೆಯ ಪುಸ್ತಕದಲ್ಲಿ ಇವನ್ನು ಸಮಸ್ಥಾನಿ ಎನ್ನುತ್ತಾರೆ, ನಾವು ಐಸೊಟೋಪ್ ಎನ್ನುತ್ತೇವೆ. ನಾವು ಉಸಿರಾಡುವ ಗಾಳಿಯಲ್ಲಿ ಒಂದು ಲಕ್ಷ ಸಾರಜನಕದ ಪರಮಾಣು ಎಣಿಸಿದರೆ 366 ಭಾರದವು, ಉಳಿದವೆಲ್ಲ ಹಗುರ. ಈ ಗಾಳಿಯನ್ನೇ ನಾವು ಸೊನ್ನೆ ಎಂದು ಹಿಡಿಯುತ್ತೇವೆ. ಯಾವುದಾದರೂ ಮಾದರಿಯಲ್ಲಿ 366ರ ಬದಲು 370 ಇದ್ದರೆ ಅದನ್ನು 'ಸಾವಿರಕ್ಕೆ ಹತ್ತು ಹೆಚ್ಚು' ಎಂದು ಬರೆಯುತ್ತೇವೆ. ಸುಮ್ನೆ ಹತ್ತು ಎಂದುಕೊಳ್ಳಿ. ಲಕ್ಷದಲ್ಲಿ ನಾಲ್ಕೇ ನಾಲ್ಕು ಪರಮಾಣುಗಳ ವ್ಯತ್ಯಾಸ. ಅದನ್ನು ಅಳೆಯುವ ಯಂತ್ರದ ಮುಂದೆ ಎಷ್ಟು ವರ್ಷ ಕೂತರೂ ನನಗೆ ಆ ಬೆರಗು ಹೋಗಿಲ್ಲ.

ಇಲ್ಲಿ ಕೆಲವರು ಹೆದರುತ್ತಾರೆ. "ಐಸೊಟೋಪ್ ಅಂದ್ರೆ ವಿಕಿರಣ ಅಲ್ವಾ?" ಅಲ್ಲ. ಈ ಎರಡೂ ಸ್ಥಿರವಾದವು, ಯಾವ ವಿಕಿರಣವನ್ನೂ ಸೂಸುವುದಿಲ್ಲ. ನಮ್ಮ ಮೈಯಲ್ಲೂ ಎರಡೂ ಇವೆ. ವಿಕಿರಣ ಸೂಸುವ ಸಾರಜನಕವೂ ಇದೆ. ಆದರೆ ಅವುಗಳಲ್ಲಿ ಹೆಚ್ಚು ಕಾಲ ಬಾಳುವುದೂ ಹತ್ತು ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಹೊಲದ ಕೆಲಸಕ್ಕೆ ಅದರಿಂದ ಉಪಯೋಗವಿಲ್ಲ.

ಈಗ ಮೂಲಕ್ಕೆ ಬರೋಣ. ಯೂರಿಯಾ ಕಾರ್ಖಾನೆ ಸಾರಜನಕವನ್ನು ತೆಗೆದುಕೊಳ್ಳುವುದು ಗಾಳಿಯಿಂದ. 45 ಕೆಜಿಯ ಒಂದು ಚೀಲದಲ್ಲಿ 20 ಕೆಜಿಗಿಂತ ಸ್ವಲ್ಪ ಜಾಸ್ತಿ ಸಾರಜನಕ ಇರುತ್ತದೆ. ಅಷ್ಟೂ ಒಂದು ಕಾಲಕ್ಕೆ ಗಾಳಿಯಲ್ಲೇ ಇದ್ದದ್ದು. ಹಾಗಾಗಿ ಯೂರಿಯಾದ ಅಂಕಿ ಸೊನ್ನೆಯ ಆಸುಪಾಸು.

ತಿಪ್ಪೆ ಮತ್ತು ಗುಂಡಿಯ ಕಥೆ ಬೇರೆ. ಬೆಳಿಗ್ಗೆ ಕೊಟ್ಟಿಗೆಯ ಬಾಗಿಲು ತೆಗೆದರೆ ಗಂಜಲದ ಘಾಟು ಮೂಗಿಗೆ ಹೊಡೆಯುತ್ತದೆ, ಅಲ್ವಾ? ಆ ಘಾಟು ಅಮೋನಿಯಾ. ಅಂದರೆ ಸಾರಜನಕ ಗಾಳಿಗೆ ಹೋಗುತ್ತಿದೆ. ಹೋಗುವಾಗ ಹಗುರದ್ದು ಸ್ವಲ್ಪ ಬೇಗ ಹೋಗುತ್ತದೆ, ಭಾರದ್ದು ಸ್ವಲ್ಪ ಹಿಂದುಳಿಯುತ್ತದೆ. ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೊಳ್ಳು ಹಾರುತ್ತದೆ, ಗಟ್ಟಿ ಕಾಳು ಕಾಲ ಬುಡದಲ್ಲೇ ಬೀಳುತ್ತದೆ. ಸಾರಜನಕದಲ್ಲಿ ಅಷ್ಟು ಚೊಕ್ಕವಾಗಿ ಬೇರೆಯಾಗುವುದಿಲ್ಲ. ಆದರೂ ವಾರಗಟ್ಟಲೆ ಆವಿಯಾಗಿ ಉಳಿದ ಗೊಬ್ಬರದ ಅಂಕಿ ಹತ್ತು ದಾಟುತ್ತದೆ, ಇಪ್ಪತ್ತರವರೆಗೂ ಏರುತ್ತದೆ. ಶೌಚದ ಗುಂಡಿಯ ಅಂಕಿಯೂ ಹೆಚ್ಚುಕಡಿಮೆ ಅಷ್ಟೇ.

ಹಾಗಾದರೆ ಸುಲಭವಾಯಿತಲ್ಲ? ಅಂಕಿ ಎರಡು ಬಂದರೆ ಯೂರಿಯಾ, ಹದಿನೈದು ಬಂದರೆ ಗುಂಡಿ! 1971ರಲ್ಲಿ ಅಮೆರಿಕದ ವಿಜ್ಞಾನಿ ಬ್ಯಾರಿ ಕಾಮನರ್ ಅವರ ತಂಡವೂ ಹೆಚ್ಚುಕಡಿಮೆ ಹೀಗೇ ಲೆಕ್ಕ ಹಾಕಿತು. ಇಲಿನಾಯ್ ರಾಜ್ಯದ ಮೆಕ್ಕೆಜೋಳದ ಹೊಲಗಳ ನಡುವೆ ಸ್ಯಾಂಗಮನ್ ನದಿ ಹರಿಯುತ್ತದೆ. ಅಲ್ಲಿನ ನೀರಿನ ನೈಟ್ರೇಟ್‌ನಲ್ಲಿ ಕಡಿಮೆಯೆಂದರೂ ಶೇ 55ರಿಂದ 60 ರಸಗೊಬ್ಬರದ್ದು ಎಂದು ಅವರು ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷವೇ ಹತ್ತು ವಿಜ್ಞಾನಿಗಳು ಸೇರಿ ಅದೇ ಪತ್ರಿಕೆಯಲ್ಲಿ ಆಕ್ಷೇಪ ಬರೆದರು. ಅವರು ಎತ್ತಿದ ಮುಖ್ಯ ಮಾತು ಮಣ್ಣಿನದ್ದು.

ಆ ಜಗಳದಲ್ಲಿ ಎರಡೂ ಕಡೆಯವರ ಮೇಲೆ ನನಗೆ ಗೌರವವಿದೆ. ಕಾಮನರ್ ಕೇಳಿದ ಪ್ರಶ್ನೆ ಸರಿಯಾಗಿತ್ತು. ಆದರೆ ಹೊಲಕ್ಕೂ ನದಿಗೂ ನಡುವೆ ಮಣ್ಣಿದೆ. ಮಣ್ಣಿನ ಸಾವಯವ ಅಂಶದಲ್ಲಿ ಹಳೆಯ ಸಾರಜನಕ ರಾಶಿ ಬಿದ್ದಿರುತ್ತದೆ. ಅದರ ಅಂಕಿ ಸಾಮಾನ್ಯವಾಗಿ ಮೂರರಿಂದ ಎಂಟು, ಸರಿಯಾಗಿ ಯೂರಿಯಾಕ್ಕೂ ತಿಪ್ಪೆಗೂ ನಡುವೆ. ಹಾಕಿದ ಯೂರಿಯಾ ನೇರವಾಗಿ ಬೋರ್‌ವೆಲ್‌ಗೆ ಇಳಿಯುವುದಿಲ್ಲ. ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ, ಸಾಯುತ್ತವೆ, ಇನ್ನೊಂದು ಜೀವಿ ಅದನ್ನು ತಿನ್ನುತ್ತದೆ. ನೀರಿಗೆ ಇಳಿಯುವ ಹೊತ್ತಿಗೆ ಅದು ಮಣ್ಣಿನ ಗುರುತನ್ನೇ ಹೊತ್ತಿರಬಹುದು.

ಇನ್ನೂ ದೊಡ್ಡ ತೊಡಕು ಗಾಳಿಯಾಡದ ಜಾಗದ್ದು. ನೀರು ನಿಂತ ಗದ್ದೆ, ಕೆರೆಯ ತಳದ ಹೂಳು, ಆಮ್ಲಜನಕ ಮುಗಿದ ಆಳದ ನೀರು. ಇಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟ್ ಬಳಸಿ ಬದುಕುತ್ತವೆ. ಅದನ್ನು ಮತ್ತೆ ಸಾರಜನಕದ ಅನಿಲ ಮಾಡಿ ಗಾಳಿಗೆ ಬಿಡುತ್ತವೆ. ಇವೂ ಹಗುರದ್ದನ್ನೇ ಮೊದಲು ತಗೊಳ್ಳುತ್ತವೆ. ಉಳಿದ ನೈಟ್ರೇಟ್ ಭಾರವಾಗುತ್ತಾ ಹೋಗುತ್ತದೆ. ಯೂರಿಯಾದಿಂದಲೇ ಬಂದದ್ದು ಕೊನೆಗೆ ಹದಿನೈದು ತೋರಿಸಬಹುದು. ಅಂಕಿ ನೋಡಿ ನಾನು ಗುಂಡಿಯದ್ದು ಎಂದರೆ ಅದು ಶುದ್ಧ ತಪ್ಪು.

ಇದಕ್ಕೆ ದಾರಿ ಸಿಕ್ಕಿದ್ದು ನೈಟ್ರೇಟ್‌ನ ಇನ್ನೊಂದು ಅರ್ಧದಲ್ಲಿ. ಒಂದು ಸಾರಜನಕದ ಜೊತೆ ಅಲ್ಲಿ ಮೂರು ಆಮ್ಲಜನಕವೂ ಇದೆ. ಆಮ್ಲಜನಕದಲ್ಲೂ 16, 18 ಎಂದು ಹಗುರ, ಭಾರ ಇವೆ. ಬ್ಯಾಕ್ಟೀರಿಯಾ ನೈಟ್ರೇಟ್ ಅನ್ನು ಮುಗಿಸುತ್ತಿದ್ದರೆ ಎರಡರ ಅಂಕಿಯೂ ಒಟ್ಟಿಗೇ ಏರುತ್ತದೆ. ಅಂತರ್ಜಲದಲ್ಲಿ ಸಾರಜನಕದ್ದು ಎರಡು ಏರಿದರೆ ಆಮ್ಲಜನಕದ್ದು ಒಂದರಿಂದ ಎರಡು ಏರುತ್ತದೆ. ಜೊತೆಗೆ ನೈಟ್ರೇಟ್ ಪ್ರಮಾಣವೂ ಇಳಿಯುತ್ತಿರಬೇಕು. ಈ ಮೂರನ್ನೂ ಒಂದೇ ಹಾಳೆಯಲ್ಲಿ ಗುರುತು ಹಾಕಿದಾಗ ದಾರಿಯಲ್ಲಿ ಏನಾಯಿತು ಎಂಬುದು ಕಾಣತೊಡಗುತ್ತದೆ. ಮಳೆಯಲ್ಲಿ ನೇರವಾಗಿ ಬಂದ ನೈಟ್ರೇಟ್ ಆಗಿದ್ದರೆ ಇನ್ನೂ ಸುಲಭ. ಅದರ ಆಮ್ಲಜನಕದ ಅಂಕಿ ಅರವತ್ತರ ಮೇಲೆ ಇರುತ್ತದೆ, ತಪ್ಪಿಸಿಕೊಳ್ಳಲಾಗದು.

ಈ ಅಳತೆಗೆ ಮೊದಲೆಲ್ಲ ಬಹಳ ನೀರು ಬೇಕಿತ್ತು. 2001ರ ನಂತರ ಬಂದ ವಿಧಾನದಲ್ಲಿ ಸ್ವಲ್ಪ ನೀರು ಸಾಕು. ಅದರಲ್ಲಿ ಬಳಸುವುದೂ ಬ್ಯಾಕ್ಟೀರಿಯಾವನ್ನೇ! ನೈಟ್ರೇಟ್ ಅನ್ನು ನೈಟ್ರಸ್ ಆಕ್ಸೈಡ್ ಅನಿಲದವರೆಗೆ ಒಯ್ದು, ಮುಂದೆ ಹೋಗಲಾರದೆ ನಿಲ್ಲುವ ತಳಿ ಅದು. ಆ ಅನಿಲವನ್ನು ನಾವು ಯಂತ್ರಕ್ಕೆ ಬಿಡುತ್ತೇವೆ.

ಇಷ್ಟಾದ ಮೇಲೂ ಒಂದು ಮಾತನ್ನು ನಾನು ನೇರವಾಗಿ ಹೇಳಲೇಬೇಕು. ದನದ ತಿಪ್ಪೆಯದ್ದೋ ಮನುಷ್ಯರ ಗುಂಡಿಯದ್ದೋ ಎಂದು ಕೇಳಿದರೆ ಸಾರಜನಕ ಉತ್ತರ ಕೊಡುವುದಿಲ್ಲ. ಎರಡರ ಅಂಕಿಯೂ ಒಂದರ ಮೇಲೊಂದು ಬೀಳುತ್ತದೆ. ಆಗ ನೀರಿನಲ್ಲಿ ಕೆಫೀನ್, ಮಾತ್ರೆಗಳ ಅಂಶ, ಸಕ್ಕರೆ ಬದಲು ಬಳಸುವ ಕೃತಕ ಸಿಹಿ ಇದೆಯಾ ಎಂದು ಹುಡುಕುತ್ತೇವೆ. ದನ ಕಾಫಿ ಕುಡಿಯುವುದಿಲ್ಲ. ಹಾಗಾಗಿ ಅವು ಸಿಕ್ಕರೆ ಮನುಷ್ಯರ ಪಾಲು ಇದ್ದೇ ಇದೆ.

ಕೇಳಿದವರ ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಇದು: "ಯೂರಿಯಾದ್ದೇ ಅಂತ ಆದ್ರೆ, ಈ ವರ್ಷ ಹಾಕೋದು ನಿಲ್ಲಿಸಿದ್ರೆ ಸರಿಹೋಗುತ್ತಾ?" ಇದಕ್ಕೆ ಫ್ರಾನ್ಸ್‌ನ ಒಂದು ಪ್ರಯೋಗವನ್ನು ಹೇಳುತ್ತೇನೆ. 1982ರಲ್ಲಿ ಅಲ್ಲಿನ ವಿಜ್ಞಾನಿಗಳು ಭಾರದ ಸಾರಜನಕವನ್ನು ಬೇಕೆಂದೇ ಜಾಸ್ತಿ ಸೇರಿಸಿದ ಗೊಬ್ಬರವನ್ನು ಒಂದು ಸಲ ಹಾಕಿದರು. ಗೊಬ್ಬರಕ್ಕೆ ಗುರುತು ಹಾಕಿ ಬಿಟ್ಟಂತೆ. ಬೀಟ್‌ರೂಟ್ ಜಾತಿಯ ಸಕ್ಕರೆ ಗೆಡ್ಡೆ, ಗೋಧಿ ಬೆಳೆಯುತ್ತಾ, ಕೆಳಗೆ ಬಸಿದ ನೀರನ್ನು ಹಿಡಿಯುತ್ತಾ ಬಂದರು. ಸುಮಾರು 30 ವರ್ಷದ ನಂತರ ಲೆಕ್ಕ ನೋಡಿದಾಗ ಬೆಳೆ ತೆಗೆದುಕೊಂಡದ್ದು ಶೇ 61ರಿಂದ 65. ನೀರಿನ ಕಡೆ ಇಳಿದದ್ದು ಶೇ 8ರಿಂದ 12. ಇನ್ನೂ ಮಣ್ಣಿನಲ್ಲೇ ಕೂತದ್ದು ಶೇ 12ರಿಂದ 15. ಅದು ಮುಂದೆ ಕನಿಷ್ಠ ಐವತ್ತು ವರ್ಷ ನೈಟ್ರೇಟ್ ಆಗಿ ಇಳಿಯುತ್ತಲೇ ಇರುತ್ತದೆ ಎಂದು 2013ರಲ್ಲಿ ಅವರು ಬರೆದರು.

ನಮ್ಮ ಕೆಂಪು ಮಣ್ಣು, ನಮ್ಮ ಮಳೆ ಬೇರೆ. ಅಂಕಿಗಳು ಹಾಗೇ ಇಲ್ಲಿಗೆ ಬರುವುದಿಲ್ಲ. ಆದರೆ ಇಂದು ಬೋರ್‌ವೆಲ್‌ನಲ್ಲಿ ಸಿಕ್ಕ ನೈಟ್ರೇಟ್ ಅಪ್ಪನ ಕಾಲದಲ್ಲಿ ಹಾಕಿದ ಚೀಲದ್ದೂ ಇರಬಹುದು ಎಂಬುದು ಇಲ್ಲಿಗೂ ನಿಜ. ಅದಕ್ಕೇ ಈಗಿನ ಒಬ್ಬ ರೈತನ ಮೇಲೆ ಬೊಟ್ಟು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಮೂಲ ಯಾವುದಾದರೂ ಇರಲಿ, ಮನೆಯಲ್ಲಿ ಎಳೆ ಮಗು ಇದ್ದರೆ ಮೊದಲು ಆ ನೀರನ್ನು ಕೊಡುವುದು ನಿಲ್ಲಿಸಿ ಎನ್ನುತ್ತೇನೆ. ಮಿತಿ ಇಟ್ಟದ್ದೇ ಮುಖ್ಯವಾಗಿ ಅವರಿಗಾಗಿ. ನೈಟ್ರೇಟ್ ಜಾಸ್ತಿಯಾದರೆ ಎಳೆ ಮಕ್ಕಳ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟಬಹುದು. ಕಾಯಿಸಿ ಆರಿಸಿದರೆ ನೈಟ್ರೇಟ್ ಹೋಗುವುದಿಲ್ಲ. ಕುದಿದು ನೀರು ಕಡಿಮೆಯಾದಷ್ಟೂ ಅದು ಗಟ್ಟಿಯಾಗುತ್ತದೆ. ಆರ್‌ಒ ಯಂತ್ರ ತೆಗೆಯುತ್ತದೆ.

ಆಮೇಲೆ ಅವರ ಜೊತೆಯಲ್ಲೇ ಒಂದು ಸುತ್ತು ಹೋಗುತ್ತೇನೆ. ತಿಪ್ಪೆ ಎಲ್ಲಿದೆ, ಪಾಯಿಖಾನೆ ಗುಂಡಿ ಎಷ್ಟು ಆಳ, ತಳಕ್ಕೆ ಕಾಂಕ್ರೀಟ್ ಹಾಕಿದ್ದಾರಾ, ಬೋರ್‌ವೆಲ್ ಎಷ್ಟು ದೂರ, ಕೇಸಿಂಗ್ ಎಷ್ಟು ಅಡಿ. ಒಂದೇ ಬೋರ್‌ವೆಲ್ ಸಾಲದು. ಊರಿನ ಮೇಲ್ಗಡೆಯದು, ನಡುವಿನದು, ಹೊಲದ ನಡುವಿನದು, ಮೂರರಿಂದಲೂ ನೀರು ತೆಗೆಯುತ್ತೇನೆ. ಅಲ್ಲೇ ಬ್ಯಾಕ್ಟೀರಿಯಾವನ್ನೂ ತಡೆಯುವಷ್ಟು ಸಣ್ಣ ರಂಧ್ರದ ಜರಡಿಯಲ್ಲಿ ಸೋಸಿ ಐಸ್ ಪೆಟ್ಟಿಗೆಗೆ ಹಾಕುತ್ತೇನೆ. ಇಲ್ಲದಿದ್ದರೆ ಬಾಟಲಿಯೊಳಗೂ ಬ್ಯಾಕ್ಟೀರಿಯಾ ಕೆಲಸ ಮುಂದುವರಿಸಿ ಅಂಕಿ ಬದಲಿಸಿಬಿಡುತ್ತವೆ. ಮುಂಗಾರಿಗೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಇನ್ನೊಂದು ಸಲ ಬರುತ್ತೇನೆ. ಉತ್ತರ ಯಾವಾಗ ಸಿಗುತ್ತದೆ ಎಂದು ಬಾಗಿಲಲ್ಲಿ ನಿಂತವರು ಕೇಳಿದರೆ, ಎರಡನೇ ಸಲದ ನೀರು ಅಳೆದ ಮೇಲೆ ಎನ್ನುತ್ತೇನೆ.