ಎರಿ ಹೊಲಕ್ಕೆ ಹೋಗೋ ಗಾಡಿ

ನವಲಗುಂದ ಕಡೆ ಹೊಲ ಇದ್ದವರಿಗೆ ದಾರಿ ಒಂದೇ ಆದರೂ ವರ್ಷದಲ್ಲಿ ಅದಕ್ಕೆ ಎರಡು ಅವತಾರ. ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಗಾಲಿಯ ಜಾಡು ಒಣಗಿ ಕಲ್ಲಾಗಿರುತ್ತದೆ, ಗಾಡಿಯ ಹೊಟ್ಟೆ ಅದಕ್ಕೆ ಉಜ್ಜುತ್ತದೆ. ಮಳೆಗಾಲದಲ್ಲಿ ಅದೇ ಮಣ್ಣು ಗಾಲಿ ಹಿಡಿದರೆ ಬಿಡುವುದಿಲ್ಲ. ಎರಿ, ಅಂದರೆ ಕಪ್ಪು ಮಣ್ಣಿನ ಸ್ವಭಾವವೇ ಹಾಗೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರಿಯುತ್ತದೆ.

ಕಡಲೆ, ಬಿಳಿಜೋಳದ ಮಾಲು ತರುವುದಕ್ಕೆ ಈ ತಕರಾರು ಇಲ್ಲ. ಅವು ಬರುವ ಹೊತ್ತಿಗೆ ನೆಲ ಒಣಗಿರುತ್ತದೆ. ತೊಂದರೆ ಇರುವುದು ಹೆಸರುಕಾಳಿನದ್ದು. ಜೂನ್‌ನಲ್ಲಿ ಬಿತ್ತಿದ ಹೆಸರು ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೆ ಕೈಗೆ ಬರುತ್ತದೆ. ಮಳೆಗೂ ಅದೇ ಮುಹೂರ್ತ. ಕಾಯಿ ಹೊಲದಲ್ಲೇ ನೆನೆದರೆ ಮೊಳಕೆ ಒಡೆಯುತ್ತದೆ, ಕಾಳಿನ ಬಣ್ಣ ಹೋಗುತ್ತದೆ, ಮಾರ್ಕೆಟ್ಟಿನಲ್ಲಿ ರೇಟು ಇಳಿಯುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಗಾಡಿಯ ಮಾತು ಬಂದಾಗಲೆಲ್ಲ ಅದು ಹೆಸರಿನ ಮಾತೂ ಆಗಿರುತ್ತದೆ.

ಹಳೇ ಪಿಕಪ್‌ನ ಚಾಸಿ ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗ್) ಕೂರುವ ಜಾಗದಲ್ಲಿ ಬಿರುಕು ಬಿಟ್ಟಿತ್ತು. ವೆಲ್ಡಿಂಗ್ ಮಾಡಿಸಿ ಓಡಿಸಿಯೂ ಆಗಿತ್ತು. ಈ ಸಲ ಮಿಸ್ತ್ರಿ ಅದರ ಕೆಳಗಿಂದ ಎದ್ದು ಬಂದವರೇ, "ಇದನ್ನ ಮಾರ್ರಿ, ಇಲ್ಲಾ ತೂಕಕ್ಕ ಹಾಕ್ರಿ" ಅಂದುಬಿಟ್ಟರು. ಅದಕ್ಕೇ ಜುಲೈ ತಿಂಗಳ ಒಂದು ಶನಿವಾರ ಕಾಕಾ, ಕಾಕಾನ ಮಗ, ಮಿಸ್ತ್ರಿ, ನಾನು ಸೇರಿ ಹುಬ್ಬಳ್ಳಿಗೆ ಹೊರಟೆವು.

ತಮ್ಮನಿಗೆ, ಅಂದರೆ ಕಾಕಾನ ಮಗನಿಗೆ, ಮಹೀಂದ್ರಾದ ಥಾರ್ ಜೀಪು ಬೇಕಿತ್ತು. ಶೋರೂಮಿನಲ್ಲಿ ಸೇಲ್ಸ್ ಹುಡುಗ ಬಾಯಿ ಬಿಡುವ ಮುಂಚೆಯೇ ಇವನೇ ಎಲ್ಲ ಹೇಳಿದ. ಗ್ರೌಂಡ್ ಕ್ಲಿಯರೆನ್ಸ್ 226 ಮಿಲಿಮೀಟರ್, 650 ಮಿಲಿಮೀಟರ್ ನೀರಿನಲ್ಲೂ ಹೋಗುತ್ತದೆ, ಲೋ ಗೇರ್ ಬೇರೆ ಇದೆ. "ಬೆಣ್ಣಿಹಳ್ಳ ಬಂದ್ರೂ ದಾಟಬಹುದು ಅಪ್ಪಾ" ಅಂದ. ಬೆಣ್ಣಿಹಳ್ಳ ನಮ್ಮ ಕಡೆಯ ಹಳ್ಳ, 2019ರ ಆಗಸ್ಟ್‌ನಲ್ಲಿ ಅದು ಉಕ್ಕಿ ಬಂದದ್ದು ಅವನ ತಲೆಯಲ್ಲಿತ್ತು.

ಕಾಕಾ ನಗಲಿಲ್ಲ. "ಬೆಣ್ಣಿಹಳ್ಳ ಬಂದಾಗ ದಾಟಾಕ ಹೋಗೋರು ಹುಚ್ಚರು. ಸುಮ್ನ ಮನ್ಯಾಗ ಕುಂದರಬೇಕು" ಅಂದರು. ನನ್ನ ಮಾತೂ ಅದೇ. ಕಂಪನಿ ಹೇಳುವ ಆಳ ನಿಂತ ನೀರಿನ ಲೆಕ್ಕ. ಹರಿಯುವ ನೀರು ಅದಕ್ಕಿಂತ ಕಡಿಮೆ ಇದ್ದರೂ ಗಾಡಿಯನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ, ಕೆಳಗೆ ರಸ್ತೆ ಉಳಿದಿದೆಯೋ ಕಿತ್ತುಹೋಗಿದೆಯೋ ಮೇಲಿನಿಂದ ಕಾಣುವುದೂ ಇಲ್ಲ. ಆಮೇಲೆ ಕಾಕಾ ಸೇಲ್ಸ್ ಹುಡುಗನ ಕಡೆ ತಿರುಗಿ, "ಹಿಂದ ಎಷ್ಟು ಚೀಲ ಹಿಡಿತಾವ್ರೀ?" ಅಂತ ಕೇಳಿದರು. ಥಾರ್ ಅಧ್ಯಾಯ ಅಲ್ಲಿಗೇ ಮುಗಿಯಿತು.

ಟೊಯೋಟಾದ ಪಿಕಪ್ ಹೈಲಕ್ಸ್ ಕೂಡ ನೋಡಿದೆವು. ನೋಡುವುದಕ್ಕೆ ದುಡ್ಡು ಕೊಡಬೇಕಿಲ್ಲ, ಅಲ್ವಾ? 1968ರಿಂದ ಜಗತ್ತಿನ ಕೆಟ್ಟ ದಾರಿಗಳಲ್ಲೆಲ್ಲ ಓಡಿ ಹೆಸರು ಮಾಡಿದ ಗಾಡಿ, ನಮ್ಮ ದೇಶಕ್ಕೆ ಬಂದದ್ದು 2022ರಲ್ಲಿ. 2.8 ಲೀಟರ್ ಡೀಸೆಲ್ ಇಂಜಿನ್, ಜೋಡಣೆ ನಮ್ಮ ಬಿಡದಿಯಲ್ಲೇ. ನನಗಂತೂ ಕೆಳಗೆ ಇಳಿಯಲು ಮನಸ್ಸಿರಲಿಲ್ಲ. ಆದರೆ ಇಲ್ಲಿ ಮಾರುವ ಮಾದರಿ ಹೊರುವುದು ಅರ್ಧ ಟನ್ ಒಳಗೇ. ಕ್ವಿಂಟಲ್ ಚೀಲ ನಾಲ್ಕು ಹಾಕಿದರೆ ಆಯ್ತು. ಬೆಲೆ ಮೂವತ್ತು ಲಕ್ಷದ ಆಸುಪಾಸು. "ಇಷ್ಟು ರೊಕ್ಕಕ್ಕ ಇನ್ನೊಂದಿಷ್ಟು ಹೊಲಾನ ಬರತೈತಿ" ಅಂತ ಕಾಕಾ ಹೊರಗೆ ನಡೆದರು.

ನಿಜವಾದ ಕೆಲಸ ಶುರುವಾದದ್ದು ಹಳೇ ಗಾಡಿ ಮಾರುವವರ ಅಂಗಳದಲ್ಲಿ. ಮಿಸ್ತ್ರಿ ಅಲ್ಲಿ ಬಣ್ಣವನ್ನೂ ನೋಡಲಿಲ್ಲ, ಮೀಟರನ್ನೂ ನೋಡಲಿಲ್ಲ. ಒಂದು ಬ್ಯಾಟರಿ ಟಾರ್ಚು, ಒಂದು ಸ್ಕ್ರೂಡ್ರೈವರ್ ಹಿಡಿದು ಸೀದಾ ಕೆಳಗೆ ನುಗ್ಗಿದರು. ಹೊರಗಿಂದ ನೋಡಿದರೆ ಈಗ ಎಲ್ಲವೂ ದೊಡ್ಡ ಗಾಡಿಗಳೇ. ಆದರೆ ಕ್ರೆಟಾ ಥರದವಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲ ಹೊರೆ ಹೊರಬೇಕು, ಎಳೆಯುವುದೂ ಮುಂದಿನ ಗಾಲಿ ಮಾತ್ರ. ಬೊಲೆರೊ, ಸ್ಕಾರ್ಪಿಯೊ ಥರದವುಗಳಲ್ಲಿ ಏಣಿಯಂಥ ಚಾಸಿ ಕೆಳಗೆ, ಬಾಡಿ ಅದರ ಮೇಲೆ. ಕೊರಕಲಿನಲ್ಲಿ ಒಂದು ಗಾಲಿ ಮೇಲೆ, ಒಂದು ಕೆಳಗೆ ಆದಾಗ ತಿರುಚುವ ಬಲ ತಡೆಯುವುದು ಆ ಚಾಸಿ. ಅದರಲ್ಲೇ ಜೀವ ಇಲ್ಲದಿದ್ದರೆ ಇಂಜಿನ್ ಎಷ್ಟು ಚೆನ್ನಾಗಿದ್ದು ಏನು ಬಂತು?

ಮೊದಲ ಗಾಡಿ ಕೆಎ-30, ಅಂದರೆ ಕಾರವಾರದ್ದು. ಹೊಳೆಯುತ್ತಿತ್ತು. ಮಿಸ್ತ್ರಿ ಸ್ಕ್ರೂಡ್ರೈವರಿನಿಂದ ಚಾಸಿಯ ಒಳಬದಿ ಕೆರೆದರೆ ಕಂದು ಪುಡಿ ಉದುರಿತು. ಸಮುದ್ರದ ಗಾಳಿಯ ಉಪ್ಪು ಎಷ್ಟು ಬಣ್ಣ ಬಳಿದರೂ ಒಳಗಿನಿಂದ ತಿನ್ನುತ್ತದೆ. ಇನ್ನೊಂದರಲ್ಲಿ ಸೀಟ್ ಬೆಲ್ಟನ್ನು ಪೂರ್ತಿ ಎಳೆಸಿದರು. ಕೊನೆಯ ಗೇಣುದ್ದದಲ್ಲಿ ಒಣಗಿದ ಕೆಸರಿನ ಗುರುತು ಇತ್ತು. ಹೆಡ್‌ಲೈಟಿನ ಒಳಗೂ ತೆಳ್ಳಗೆ ಒಂದು ಗೆರೆ. "ಹೊಳ್ಯಾಗ ಈಸಿ ಬಂದ ಗಾಡಿರೀ ಇದು" ಅಂದರು. ಇಂಥ ಗಾಡಿ ತೊಳೆದ ಮೇಲೆ ಓಡುತ್ತದೆ, ಆದರೆ ವೈರಿಂಗ್ ಯಾವಾಗ ಕೈ ಕೊಡುತ್ತದೋ ಹೇಳಲು ಬರುವುದಿಲ್ಲ.

ಕೊನೆಗೆ ನಿಂತದ್ದು ಒಂದು ಬೊಲೆರೊ ಕ್ಯಾಂಪರ್ ಮುಂದೆ. ಎರಡು ಸಾಲು ಸೀಟು, ಹಿಂದೆ ತೊಟ್ಟಿ, ಒಂದು ಟನ್ ಹೊರುವ ಗಾಡಿ. ಅದರಲ್ಲೂ ಫೋರ್‌ವೀಲ್ ಡ್ರೈವ್, ಅಂದರೆ ಬೇಕಾದಾಗ ನಾಲ್ಕೂ ಗಾಲಿ ಎಳೆಯುವಂಥದ್ದು. ನಮ್ಮ ಕಡೆ ಅದು ಸಿಗುವುದು ಅಪರೂಪ, ಟೂ ವೀಲಿನವೇ ಜಾಸ್ತಿ. 2523 ಸಿಸಿ ಇಂಜಿನ್, ಯಾವ ಹಳ್ಳಿಯ ಗ್ಯಾರೇಜಿನವರಿಗೂ ಬಾಯಿಪಾಠ. ಕೆಎ-26, ಗದಗಿನ ನಂಬರ್. ಚಾಸಿಗೆ ಎಲ್ಲೂ ವೆಲ್ಡಿಂಗ್ ಇರಲಿಲ್ಲ. ಟೈರ್ ಮಾತ್ರ ಸವೆದು ಬೋಳಾಗಿದ್ದವು.

ಕಾಕಾಗೆ ಫೋರ್‌ವೀಲ್ ಇಷ್ಟ ಇರಲಿಲ್ಲ. ಮುಂದಿನ ಆಕ್ಸಲ್, ಇಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಕೆಟ್ಟರೆ ಸಾಮಾನು ಆರ್ಡರ್ ಹಾಕಿ ಕಾಯಬೇಕು, ಟೂ ವೀಲಿನ ಸಾಮಾನಾದರೆ ಅಣ್ಣಿಗೇರಿಯಲ್ಲೂ ಸಿಗುತ್ತದೆ ಅನ್ನುವುದು ಅವರ ವಾದ. ವಾದದಲ್ಲಿ ಹುರುಳಿತ್ತು. ಸುಗ್ಗಿಯಲ್ಲಿ ಗಾಡಿ ಗ್ಯಾರೇಜಿನಲ್ಲಿ ನಿಂತರೆ ಅದಕ್ಕೆ ಎಷ್ಟು ಗಾಲಿ ತಿರುಗುತ್ತವೆ ಅನ್ನುವ ಲೆಕ್ಕ ಯಾರಿಗೆ ಬೇಕು?

ಮಿಸ್ತ್ರಿ ಹೇಳಿದರು, "ಇಲ್ಲಿ ನಿಂತು ಮಾತಾಡೋದ ಬ್ಯಾಡ. ಹೊಲದ ದಾರಿಗೆ ಒಯ್ದು ನೋಡೂಣು." ಅಂಗಳದವರು ತಮ್ಮ ಡ್ರೈವರನ್ನು ಜೊತೆಗೆ ಕಳಿಸಿ ಒಪ್ಪಿದರು. ಕುಸುಗಲ್, ಹೆಬಸೂರು ದಾಟುವವರೆಗೆ ಮಿಸ್ತ್ರಿ ಫೋರ್‌ವೀಲ್ ಹಾಕಲು ಬಿಡಲಿಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡುತ್ತವೆ. ಈ ಥರದ ಗಾಡಿಯಲ್ಲಿ ಫೋರ್‌ವೀಲ್ ಹಾಕಿದರೆ ಎರಡೂ ಆಕ್ಸಲ್ ಒಂದಕ್ಕೊಂದು ಕಟ್ಟಿಕೊಳ್ಳುತ್ತವೆ. ಮಣ್ಣಿನ ಮೇಲೆ ಗಾಲಿ ಸ್ವಲ್ಪ ಜಾರಿ ಆ ವ್ಯತ್ಯಾಸ ತುಂಬಿಕೊಳ್ಳುತ್ತದೆ. ಡಾಂಬರಿನ ಮೇಲೆ ಜಾರುವುದಿಲ್ಲ, ಪೆಟ್ಟು ಗೇರಿನ ಹಲ್ಲಿಗೆ ಬೀಳುತ್ತದೆ.

ಹಿಂದಿನ ರಾತ್ರಿ ನಮ್ಮೂರಲ್ಲಿ ಮಳೆ ಆಗಿತ್ತು. ಡಾಂಬರ್ ಬಿಟ್ಟು ಹೊಲದ ದಾರಿಗೆ ಇಳಿದ ಮೇಲೆ ಗಾಡಿ ಸ್ವಲ್ಪ ದೂರ ಚೆನ್ನಾಗಿಯೇ ಹೋಯಿತು. ತಮ್ಮ ವಿಡಿಯೋ ಮಾಡಲು ಶುರುಮಾಡಿದ್ದ. ಅಷ್ಟರಲ್ಲಿ ನಿಂತಿತು. ಇಳಿದು ನೋಡಿದರೆ ಗಾಲಿ ಮತ್ತು ಮಡ್‌ಗಾರ್ಡ್ ನಡುವಿನ ಸಂದಿಯಲ್ಲಿ ಎರಿ ಮಣ್ಣು ಗಿಡಿದುಕೊಂಡಿತ್ತು. ಟೈರಿನ ಹಲ್ಲು ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಎಷ್ಟು ಕುದುರೆಶಕ್ತಿ ಇದ್ದರೂ ಗಾಲಿ ನುಣ್ಣಗಿನ ಮಣ್ಣಿನ ಉಂಡೆ ಆದ ಮೇಲೆ ಮುಗಿಯಿತು. ಅದಕ್ಕೇ ನಮ್ಮ ಮಣ್ಣಿಗೆ ಅಗಲ ಟೈರ್ ಹಾಕಿಸುವ ಶೋಕಿ ಆಗಿಬರುವುದಿಲ್ಲ ಅನ್ನುತ್ತೇನೆ. ಸಂದಿ ಇನ್ನೂ ಕಿರಿದಾಗುತ್ತದೆ, ಬೇಗ ತುಂಬುತ್ತದೆ. ಗುಡ್ಡದ ಮಸಾರಿ, ಅಂದರೆ ಕೆಂಪು ನೆಲದ ಮಾತು ಬೇರೆ. ಕಪ್ಪತಗುಡ್ಡದ ಬುಡದಲ್ಲಿ ಮಳೆ ನಿಂತ ಸ್ವಲ್ಪ ಹೊತ್ತಿಗೆ ದಾರಿ ಗಟ್ಟಿಯಾಗುತ್ತದೆ, ಅಲ್ಲಿ ನೋಡಬೇಕಾದ್ದು ಚೂಪು ಕಲ್ಲಿಗೆ ಟೈರಿನ ಪಕ್ಕ ಹರಿಯದಿರುವುದನ್ನು.

ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅಕ್ಕನವರಿಂದ ಕಳೆ ತೆಗೆಯುವ ಕುರ್ಚಿಗಿ ಇಸಿದುಕೊಂಡು ಮಣ್ಣು ಕೆರೆದೆವು. ಡ್ರೈವರ್ ಜೋರಾಗಿ ಆಕ್ಸಿಲರೇಟರ್ ಒತ್ತಲು ಹೋದ. "ಏ ತಮ್ಮಾ, ನಾಕೂ ಗಾಲಿ ಗರಾ ಗರಾ ತಿರುಗಿದ್ರ ನಾಕೂ ಹುಗಿತಾವು!" ಅಂತ ಮಿಸ್ತ್ರಿ ಕೂಗಿದರು. ಆಮೇಲೆ ತಾವೇ ಕೂತು, ಟೈರಿನ ಗಾಳಿ ಸ್ವಲ್ಪ ಇಳಿಸಿ, ಲೋ ಗೇರಿಗೆ ಹಾಕಿ, ಆಕ್ಸಿಲರೇಟರ್ ಮುಟ್ಟದಂತೆ ಹಿಂದಕ್ಕೆ ಬಿಟ್ಟರು. ಬಂದ ಜಾಡಿನಲ್ಲೇ ಗಾಡಿ ತೆವಳಿಕೊಂಡು ಡಾಂಬರಿಗೆ ಬಂತು.

ನಾನು, ಇನ್ನು ಕಾಕಾ ಖಂಡಿತ ಟೂ ವೀಲೇ ಅನ್ನುತ್ತಾರೆ ಅಂದುಕೊಂಡೆ. ಫೋರ್‌ವೀಲ್ ಕೂಡ ಸಿಕ್ಕಿಕೊಂಡಿತಲ್ಲ! ಅವರು ಚಪ್ಪಲಿಯ ಮಣ್ಣನ್ನು ಕಲ್ಲಿಗೆ ಒರೆಸುತ್ತಾ, "ಇದನ್ನ ತಗೊಳ್ಳೂಣು" ಅಂದರು. ಯಾಕೆ ಅಂತ ಕೇಳಿದೆ. "ಟ್ರ್ಯಾಕ್ಟರ್ ಕರಿಲಾರದ ಹೊರಗ ಬಂತಲ್ಲೋ. ಹೋಗೋದು ದೇವರ ಕೈಯಾಗ, ಹೊಳ್ಳಿ ಬರೂದು ಮುಖ್ಯ." ಹಳೇ ಪಿಕಪ್ ಸಿಕ್ಕಿಕೊಂಡಾಗಲೆಲ್ಲ ಯಾರದೋ ಟ್ರ್ಯಾಕ್ಟರಿಗಾಗಿ ಕೈ ಮುಗಿದು ನಿಂತವರು ಅವರು. ಆ ಲೆಕ್ಕ ನನಗೆ ಹೊಳೆದಿರಲಿಲ್ಲ.

ಉಳಿದದ್ದು ಚೌಕಾಶಿ. ಬೋಳು ಟೈರಿನ ರೊಕ್ಕ ಮುರಿಸಿಕೊಂಡರು. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ಇದರದ್ದು ಹತ್ತಿರ ಬಂದಿತ್ತು. ಅದನ್ನೂ ಮಾರುವವರೇ ಮಾಡಿಸಿ ಕೊಡಬೇಕು ಅಂತ ಬರೆಸಿಕೊಂಡರು.

ಈಗ ಕಾಕಾ ದಾರಿಗೇ ಗರಸು (ಗಟ್ಟಿ ಕಲ್ಲುಮಣ್ಣು) ಹಾಕಿಸಲು ಹೊರಟಿದ್ದಾರೆ. ಗಾಡಿಗೆ ಹಾಕಿದಷ್ಟು ರೊಕ್ಕದಲ್ಲಿ ಒಂದು ಪಾಲು ದಾರಿಗೂ ಹಾಕಿದರೆ ಮಾತ್ರ ಗಾಡಿ ಬಾಳುತ್ತದೆ ಅಂತ ಮಿಸ್ತ್ರಿ ತಲೆಗೆ ತುಂಬಿದ್ದಾರೆ. ಆ ದಾರಿಯ ಹೊಲದವರೆಲ್ಲ ಪಾಲು ಕೊಡಲು ಒಪ್ಪಿದ್ದಾರೆ, ಒಬ್ಬ ಅಜ್ಜನವರನ್ನು ಬಿಟ್ಟು. "ನಂದು ಚಕ್ಕಡಿ ಐತಿ, ನನಗ್ಯಾಕಪಾ ನಿಮ್ಮ ಗರಸು?" ಅಂತ ಅವರು ಕೂತಿದ್ದಾರೆ. ಕಾಕಾ ದಿನಾ ಸಂಜೆ ಅವರ ಕಟ್ಟೆಗೆ ಹೋಗಿ ಚಹಾ ಕುಡಿದು ಬರುತ್ತಿದ್ದಾರೆ.